ಮೊದಲ ಸೌಟು

ಕೈತೊಳೆಯುವ ಬೇಸಿನ್ನಿನ ಹತ್ತಿರ ಯಾರೋ ಗಂಟಲಾಳದಿಂದ ಕ್ಯಾಕರಿಸಿದರು. ಗಲ್ಲೆಯ ಮೇಲೆ ಕೂತು ಬಡೇಸೋಪಿಗೆ ಸಕ್ಕರೆ ಬೆರೆಸುತ್ತಿದ್ದ ಪದ್ಮನಾಭ ಐತಾಳ ಕೈ ನಿಲ್ಲಿಸಿ ಮುಖ ಸಿಂಡರಿಸಿದ. ಅಲ್ಲಿ ಉಗುಳಬಾರದು ಅಂತ ಗುಜರಾತಿಯಲ್ಲೂ ಹಿಂದಿಯಲ್ಲೂ ಬರೆಸಿ, ತಾನೇ ಸ್ಟೂಲು ಹತ್ತಿ ಮೊಳೆ ಹೊಡೆದು ಬೋರ್ಡು ಹಾಕಿದ್ದ. ಅದನ್ನು ಓದುತ್ತಲೇ ಉಗುಳುತ್ತಾರೆ. ತಿಂದದ್ದು ಇನ್ನೂ ಹೊಟ್ಟೆಗೆ ಇಳಿದಿರುವುದಿಲ್ಲ, ಆಗಲೇ ಬಾಯಿಗೆ ಬೆರಳು ತುರುಕಿ ಹಲ್ಲುಜ್ಜಿ, ಮೂಗು ಸೀಟಿ, ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕಿ, ಒದ್ದೆ ಕೈಯನ್ನು ಕೊಡವುತ್ತ ಗಲ್ಲೆಯ ಮುಂದೆ ಬಂದು ನಿಂತು ಅದೇ ಕೈಯಿಂದ ಬಡೇಸೋಪು ಬಾಚಿಕೊಳ್ಳುತ್ತಾರೆ. ಸೂರತ್ತಿಗೆ ಬಂದು ಅರ್ಧ ಆಯುಷ್ಯ ಕಳೆಯಿತು, ಅಡಾಜಣಿನ ಈ ರಸ್ತೆಯ ಹೋಟೆಲು ಹೆಸರೂ ಮಾಡಿತು, ಆದರೆ ಆ ಸದ್ದು ಮಾತ್ರ ಒಗ್ಗಲಿಲ್ಲ. ಒಗ್ಗದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಅಷ್ಟು ನಿರ್ಲಜ್ಜವಾಗಿ, ಅಷ್ಟು ಸುಖವಾಗಿ ಕ್ಯಾಕರಿಸಬೇಕು ಅಂತ ಅವನಿಗೇ ದಿನವಿಡೀ ಅನಿಸುತ್ತಿತ್ತು. ಎದ್ದಾಗಿನಿಂದ ಎದೆಯಲ್ಲಿ ಸಣ್ಣಗೆ ಸೀಟಿ, ಗಂಟಲಲ್ಲಿ ಅಂಟಂಟು. ಗಿರಾಕಿಯ ಎದುರಿಗೆ ಕೂತ ಧಣಿ ಕೆಮ್ಮಬಾರದು, ಕೆಮ್ಮಿದರೆ ಜನ ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ತಮ್ಮ ತಟ್ಟೆ ನೋಡುತ್ತಾರೆ. ಆದ್ದರಿಂದ ಪದ್ಮನಾಭ ಬಂದ ಕಫವನ್ನೆಲ್ಲ ನುಂಗುತ್ತಿದ್ದ. ಬೆಳಗಿನಿಂದ ರಾತ್ರಿಯವರೆಗೆ ನುಂಗುವುದೇ. ಮಧ್ಯಾಹ್ನ ಊಟಕ್ಕೆ ಕೂತರೆ ಹಸಿವೆಯೇ ಇರುತ್ತಿರಲಿಲ್ಲ.

ಬೇಸಿನ್ನಿನಿಂದ ಬಂದವರು ಜಯಂತಿಭಾಯಿ, ಸೀರೆ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟು ದಿನಾ ಮಧ್ಯಾಹ್ನ ಇಡ್ಲಿಗೆ ಬರುವ ಮುದುಕರು. ಬಡೇಸೋಪು ಅಗಿಯುತ್ತ, ‘ಪದ್ಮನಾಭಭಾಯಿ, ಹಮಣಾ ಸಾಂಭಾರ್ ಬಹು ಸರಸ್ ಥಯೋ ಛೇ,’ ಎಂದರು. ಈಚೆಗೆ ಸಾಂಬಾರು ಬಹಳ ಚೆನ್ನಾಗಿದೆಯಂತೆ. ನಡುವೆ ಕೆಲವು ದಿನ ಏನೋ ಕಹಿಯಾಗಿತ್ತಂತೆ, ಈಗ ನೋಡಿ, ಸೊಸೆಯೂ ಪಾರ್ಸೆಲ್ ಕೇಳುತ್ತಾಳಂತೆ. ಕಹಿ ಎಂಬ ಮಾತಿಗೆ ಪದ್ಮನಾಭನಿಗೆ ಒಳಗೇ ಉರಿಯಿತು. ಎಲ್ಲದಕ್ಕೂ ಸಕ್ಕರೆ ಕೇಳುವ ಈ ಊರಿನ ನಾಲಿಗೆಗೆ ಮೆಂತ್ಯ ಬಿದ್ದರೂ ಕಹಿ. ಆದರೂ ಹೊಗಳಿಕೆ ಹೊಗಳಿಕೆಯೇ. ‘ಮಸಾಲೆ ನಾನೇ ಹುರಿಯುವುದು, ಕೈಯಾರೆ,’ ಎಂದು ಹಿಂದಿಯಲ್ಲಿ ಹೇಳಿದ. ಹೇಳುವಾಗ ಕೊನೆಯ ಶಬ್ದಕ್ಕೆ ಉಸಿರು ಸಾಲದೆ ಅದು ಒಳಗೇ ಉಳಿಯಿತು. ಜಯಂತಿಭಾಯಿ ಮುಖ ನೋಡಿದರು, ತಬಿಯತ್ತು ಹೇಗಿದೆ ಎಂದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ರುಕ್ಮಿಣಿ ನಿಂತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ. ಪದ್ಮನಾಭ ನಕ್ಕು ತಲೆಯಾಡಿಸಿದ.

ಇವತ್ತು ಹುರಿಯುವ ದಿನ. ಇವತ್ತು ಏನೂ ಆಗಬಾರದು. ದೀಪಾವಳಿಯ ಮುಂಚೆ ಬಾಣಲೆಯ ಎದುರಿಗೇ ಕುಸಿದು, ಮೀನಿನ ಹಾಗೆ ಬಾಯಿ ತೆರೆದುಕೊಂಡು ನೆಲದ ಮೇಲೆ ಬಿದ್ದವನನ್ನು ಅಡುಗೆಯ ಮಹೇಶನೂ ಹೆಂಡತಿಯ ತಮ್ಮ ವಿನಯನೂ ಸೇರಿ ರಿಕ್ಷಾದಲ್ಲಿ ಹಾಕಿಕೊಂಡು ಹೋಗಿದ್ದರು. ಪಂಚೆ ಬಿಚ್ಚಿಹೋಗಿತ್ತು. ರಿಕ್ಷಾದವನು ಹಿಂತಿರುಗಿ ನೋಡಿದ್ದ. ಆಸ್ಪತ್ರೆಯಿಂದ ಬಂದ ದಿನ ರುಕ್ಮಿಣಿ ಗಲ್ಲೆಯ ಮೇಲಿನ ಸಾಲಿಗ್ರಾಮದ ಗುರುನರಸಿಂಹನ ಪಟದ ಎದುರಿಗೆ ನಿಂತು, ‘ಇನ್ನೊಂದ್ ಸಲ ಬಿದ್ರೆ ನೀವ್ ಬಾಣ್ಲೆ ಮುಟ್ಟೂಕಿಲ್ಲೆ. ವಿನಯ ಎಂತ ಬೇಕಾರೂ ಮಾಡ್ಲಿ,’ ಎಂದಿದ್ದಳು. ವಿನಯ ಏನು ಮಾಡುತ್ತಾನೆಂದು ಗೊತ್ತಿತ್ತು. ಫ್ಯಾಕ್ಟರಿಯ ಮಸಾಲೆ ಪೊಟ್ಟಣ ತರಿಸುತ್ತಾನೆ. ‘ಭಾವ, ಈಗ ಎಲ್ಲರೂ ಅದನ್ನೇ ಹಾಕುದ್, ಯಾರಿಗೂ ಗೊತ್ತಾತಿಲ್ಲೆ,’ ಎಂದು ಅವನು ಹೇಳಿದ್ದು ಒಂದೆರಡು ಸಲವಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂಬುದನ್ನೇ ಒಂದು ಗುಣ ಎಂಬಂತೆ ಹೇಳುವ ಆ ಹೊಳೆಯುವ ಮುಖ, ಅದಕ್ಕೆ ಮೆತ್ತಿದ ಪೌಡರು, ಕಂಕುಳಿಗೆ ಹೊಡೆದುಕೊಂಡ ಸೆಂಟು. ಆ ಸೆಂಟಿಗೆ ಒಂದು ಕಾಲದಲ್ಲಿ ಪದ್ಮನಾಭನಿಗೆ ಉಸಿರು ಹಿಡಿಯುತ್ತಿತ್ತು. ಈಗ ವಿನಯ ಪಕ್ಕದಲ್ಲೇ ನಿಂತರೂ ಏನೂ ಅನಿಸುವುದಿಲ್ಲ, ಸೆಂಟು ಬಿಟ್ಟಿರಬೇಕು.

ಡಾಕ್ಟರ್ ಕೃಪಾಬೆನ್ ಉಬ್ಬಸಕ್ಕೆಂದು ಬಾಯಿಗಿಟ್ಟು ಎಳೆದುಕೊಳ್ಳುವ ಎರಡು ಪಂಪು ಕೊಟ್ಟಿದ್ದರು. ನೀಲಿಯದು ಉಸಿರು ಕಟ್ಟಿದಾಗ ಬಿಡಿಸುವುದಕ್ಕೆ, ಕಂದುಬಣ್ಣದ್ದು ಕಟ್ಟದಂತೆ ನೋಡಿಕೊಳ್ಳುವುದಕ್ಕೆ. ಕಂದುಬಣ್ಣದ್ದನ್ನು ಬೆಳಿಗ್ಗೆ, ಸಂಜೆ, ಚೆನ್ನಾಗಿದ್ದರೂ ಬಿಡದೆ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಬೆಳೆಯುತ್ತದೆ, ರುಚಿ ಕೆಡುತ್ತದೆ. ಆಕೆ ಸಹಜವಾಗಿ ಹೇಳಿದ ಈ ಕೊನೆಯ ಮಾತು ಪದ್ಮನಾಭನ ತಲೆಯಲ್ಲಿ ಮುಳ್ಳಾಗಿ ಕೂತಿತು. ರುಚಿ ಕೆಟ್ಟರೆ ಅವನಲ್ಲಿ ಉಳಿಯುವುದೇನು? ಶಟರು ಎತ್ತುವ ಮುಂಚೆ ಮೊದಲ ಸೌಟು ಸಾಂಬಾರು ಧಣಿಯ ಅಂಗೈಗೆ. ಅವನು ಹೀರಿ ‘ಆಯ್ತ್’ ಅನ್ನಬೇಕು, ಆಮೇಲೆ ಬಾಗಿಲು. ಅವನಿಗೆ ಅಡುಗೆ ಕಲಿಸಿದ ದೊಡ್ಡಪ್ಪ ನಡೆಸಿಕೊಂಡು ಬಂದ ಪದ್ಧತಿ ಅದು. ಕಾಫಿಯನ್ನೂ ಕುಡಿಯದ, ಬರೀ ನೀರಲ್ಲಿ ತೊಳೆದ ಬಾಯಿಗೆ ಮಾತ್ರ ನಿಜ ಗೊತ್ತಾಗುತ್ತದೆ ಎನ್ನುತ್ತಿದ್ದರು. ಆ ಬಾಯಿಗೆ ಬೆಳಗಾತ ಸ್ಟಿರಾಯ್ಡಿನ ಹೊಗೆ ಬಿಟ್ಟುಕೊಳ್ಳುವುದೆಂದರೆ ದೇವರ ನೈವೇದ್ಯಕ್ಕೆ ಎಂಜಲು ಮಾಡಿದ ಹಾಗೆ ಅನಿಸುತ್ತಿತ್ತು. ಸಂಜೆಯದ್ದೂ ಅಷ್ಟೇ, ಬಾಯಿ ಮುಕ್ಕಳಿಸುವುದೆಲ್ಲಿ? ಗಿರಾಕಿಗಳ ಬೇಸಿನ್ನಿನಲ್ಲಿ, ತಾನೇ ಹೊಡೆದ ಬೋರ್ಡಿನ ಕೆಳಗೆ, ಗುಳುಗುಳು ಮಾಡುತ್ತ ನಿಲ್ಲುವುದೇ?

ಆದ್ದರಿಂದ ಅವನು ಅದನ್ನು ಗಾಳಿಗೆ ಬಿಡುತ್ತಿದ್ದ. ಮನೆಯ ಬಚ್ಚಲಿನ ಬಾಗಿಲು ಹಾಕಿಕೊಂಡು, ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಕಿಟಕಿಯ ಕಡೆಗೆ ಹಿಡಿದು ಒತ್ತುತ್ತಿದ್ದ. ಇನ್ನೆಷ್ಟು ಸಲ ಉಳಿದಿದೆ ಎಂದು ತೋರಿಸುವ ಪಂಪಿನ ಬೆನ್ನಿನ ಅಂಕಿ ಇಳಿಯುತ್ತದೆ, ರುಕ್ಮಿಣಿ ಅದನ್ನು ನೋಡುತ್ತಾಳೆ, ಸಮಾಧಾನವಾಗುತ್ತದೆ. ಮೊದಲ ದಿನ ನಾಚಿಕೆಯಾಗಿತ್ತು, ಆಮೇಲೆ ಹಲ್ಲುಜ್ಜಿದಷ್ಟೇ ಸಲೀಸಾಯಿತು. ಕಳೆದ ಸಲ ಕೃಪಾಬೆನ್ ಎದೆಗೆ ಸ್ಟೆತಸ್ಕೋಪು ಇಟ್ಟವರು ಹುಬ್ಬು ಗಂಟಿಕ್ಕಿ, ದಿನಾ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದರು. ತಗೊಳ್ತೇನೆ ಎಂದಿದ್ದ. ಮೂಗಿಗೆ ವಾಸನೆ ಗೊತ್ತಾಗುತ್ತದೆಯೇ, ಈ ರೋಗ ಹತೋಟಿಯಲ್ಲಿಲ್ಲದವರಿಗೆ ಮೂಗೂ ಕಟ್ಟುತ್ತದೆ ಎಂದಿದ್ದರು. ಅದಕ್ಕೆ ಅವನಿಗೆ ಸಿಟ್ಟು ಬಂದಿತ್ತು. ಹೋಟೆಲಿನವನ ಮೂಗಿನ ಬಗ್ಗೆ ಕೇಳುತ್ತಾರಲ್ಲ ಈಕೆ.

ಊಟದ ಗದ್ದಲ ಮುಗಿದು ಶಟರು ಅರ್ಧ ಇಳಿಯಿತು. ಹಿಂದಿನ ಒಲೆಯ ಮೇಲೆ ಮಹೇಶ ದೊಡ್ಡ ಬಾಣಲೆ ಏರಿಸಿದ್ದ, ಕಿಟಕಿ ತೆರೆದು ಫ್ಯಾನು ಹಾಕಿದ್ದ. ಪದ್ಮನಾಭ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲ, ಕಟ್ಟಿದರೆ ಹದ ತಿಳಿಯುವುದು ಹೇಗೆ? ಕೊತ್ತಂಬರಿ ಹಾಕಿ ಕೈಯಾಡಿಸಿದ. ಒಂದು ಹಂತದಲ್ಲಿ ಕೊತ್ತಂಬರಿ ತನ್ನ ಹಸಿತನ ಬಿಟ್ಟು ಕಿತ್ತಳೆ ಸಿಪ್ಪೆಯ ಹಾಗೆ ಘಮ್ಮೆನ್ನುತ್ತದೆ, ಆ ಕ್ಷಣದಲ್ಲಿ ಇಳಿಸಬೇಕು, ಕಣ್ಣು ಮಿಟುಕಿಸುವಷ್ಟು ತಡವಾದರೂ ಹೋಯಿತು ಎಂದು ದೊಡ್ಡಪ್ಪ ಕಲಿಸಿದ್ದರು. ಅವನು ಆ ಕ್ಷಣಕ್ಕೆ ಕಾದ. ಬಂತೆಂದು ಅನಿಸಿತು, ಅಥವಾ ಬರಬೇಕಿತ್ತೆಂದು ನೆನಪಾಯಿತು. ಬಣ್ಣ ನೋಡಿ ಇಳಿಸಿದ. ಮೆಂತ್ಯ ಚಟಪಟ ಅಂದದ್ದು ಕೇಳಿ ಇಳಿಸಿದ. ಎಷ್ಟು ದಿನದಿಂದ ಹೀಗೆ ಕಣ್ಣು ಕಿವಿಗಳಿಂದ ಹುರಿಯುತ್ತಿದ್ದೇನೆ ಎಂಬ ಯೋಚನೆ ಬಂದು, ಅದನ್ನೂ ಕಫದ ಜೊತೆ ನುಂಗಿದ. ಬ್ಯಾಡಗಿ ಮೆಣಸು ಬಿತ್ತು. ಮಹೇಶ ಕೆಮ್ಮಿದ, ಪಾತ್ರೆ ತೊಳೆಯುವ ಹೆಂಗಸು ಸೆರಗು ಮುಚ್ಚಿಕೊಂಡು ಹೊರಗೆ ಓಡಿದಳು. ಪದ್ಮನಾಭನಿಗೆ ಘಾಟು ಮೂಗಿಗೆ ಬರಲೇ ಇಲ್ಲ, ಸೀದಾ ಎದೆಗೆ ಬಂತು. ಒಳಗೆ ಯಾರೋ ಒದ್ದೆ ಬಟ್ಟೆಯನ್ನು ಹಿಂಡುತ್ತಿದ್ದಾರೆ.

‘ಐತಾಳ್ರೆ, ಇಳ್ಸುದಾ?’ ಎಂದ ಮಹೇಶ. ಧ್ವನಿಯಲ್ಲಿ ಮರುಕ ಇತ್ತು, ಅದಕ್ಕೇ ಅಸಹ್ಯವಾಯಿತು.

‘ಇಳ್ಸ್,’ ಎಂದ. ಎರಡು ಅಕ್ಷರಕ್ಕೆ ಸಾಕಾಗುವಷ್ಟು ಉಸಿರು ಇತ್ತು. ಸೌಟನ್ನು ಮೆಲ್ಲಗೆ ಇಟ್ಟು, ಏನೋ ಮರೆತವನ ಹಾಗೆ ಹೊರಟ. ಜೇಬಿನಲ್ಲಿ ನೀಲಿ ಪಂಪು. ಕೆಲಸದವರ ಪಾಯಖಾನೆ ಅವನ ಮಾಮೂಲಿ ಜಾಗ, ಮೂತ್ರದ ನಾತದ ನಡುವೆ ಗೋಡೆಗೆ ಹಣೆಯಿಟ್ಟು ಎಳೆದುಕೊಳ್ಳುತ್ತಿದ್ದ. ಆ ನಾತವೂ ಈಚೆಗೆ ಅಷ್ಟಾಗಿ ಇಲ್ಲ. ಬಾಗಿಲು ಒಳಗಿನಿಂದ ಹಾಕಿತ್ತು. ಗಲ್ಲೆಯ ಕಡೆಯಿಂದ ವಿನಯ ಫೋನಿನಲ್ಲಿ ಗುಜರಾತಿ ಮಾತಾಡುತ್ತ ಬರುವುದು ಕೇಳಿಸಿತು. ಅಂಗಳದಲ್ಲಿ ರುಕ್ಮಿಣಿ. ಉಳಿದದ್ದು ಅಟ್ಟದ ಮೆಟ್ಟಿಲು. ಉಸಿರು ಕೆಟ್ಟಾಗಿನಿಂದ ಅವನು ಹತ್ತದ ಮೆಟ್ಟಿಲು ಅದು. ಕಬ್ಬಿಣದ ಕಂಬಿ ಹಿಡಿದು ಹತ್ತಿದ. ಒಂದು ಮೆಟ್ಟಿಲು, ನಿಂತು ಸೀಟಿ, ಮತ್ತೊಂದು. ಎಳೆದುಕೊಂಡದ್ದು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ, ಎದೆ ಉಬ್ಬಿ ಉಬ್ಬಿ ಒಡೆಯುವ ಹಾಗೆ. ನಾಯಿಗಳು ಸಾಯಲಿಕ್ಕೆ ಮರೆ ಹುಡುಕುತ್ತವಂತೆ, ನಾನು ಔಷಧಿ ಎಳೆದುಕೊಳ್ಳಲಿಕ್ಕೆ ಹುಡುಕುತ್ತಿದ್ದೇನೆ ಅನಿಸಿ ಮೈಯೆಲ್ಲ ಹೇಸಿತು.

ಅಟ್ಟದ ಬಾಗಿಲು ದೂಡಿ ಒಳಗೆ ಕುಸಿದು ಕೂತು ನೀಲಿಯದ್ದನ್ನು ಬಾಯಿಗಿಟ್ಟ. ಮೊದಲ ಸಲ ಹೊಗೆ ಹಲ್ಲಿಗೆ ಹೊಡೆಯಿತು. ಎರಡನೆಯದು ಒಳಗೆ ಹೋಯಿತು. ಹಿಡಿದ, ಬಿಟ್ಟ. ಮತ್ತೊಂದು. ಜೊಲ್ಲು ಗಲ್ಲಕ್ಕೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ, ನೋಡುವವರು ಯಾರೂ ಇರಲಿಲ್ಲ. ಗಂಟು ಮೆಲ್ಲಗೆ ಸಡಿಲವಾಗತೊಡಗಿದಾಗ ಕಣ್ಣು ಸುತ್ತಲೂ ಹೋಯಿತು. ಮುರಿದ ಕುರ್ಚಿ, ಹಳೇ ಗ್ರೈಂಡರು, ಗೋಡೆಗೆ ಒತ್ತಿ ಒಂದರ ಮೇಲೊಂದು ಎಣ್ಣೆಯ ಟಿನ್ನುಗಳು. ಟಿನ್ನುಗಳ ಬಾಯಿಗೆ ಹಳೇ ಪಂಚೆಯ ಬಟ್ಟೆ ಕಟ್ಟಿತ್ತು, ಗಂಟಿನ ಹತ್ತಿರ ಕುಂಕುಮ. ಮಸಾಲೆ ಪುಡಿ ಮಾಡಿ ತುಂಬಿದ ಮೇಲೆ ಬಾಯಿ ಕಟ್ಟಿ ಉಂಗುರಬೆರಳಿನಲ್ಲಿ ಕುಂಕುಮ ಒತ್ತುವುದು ದೊಡ್ಡಪ್ಪನ ಪದ್ಧತಿ. ಅದು ಅವನ ಬೆರಳು. ಎಲ್ಲ ಟಿನ್ನಿನ ಮೇಲೂ ಅವನ ಬೆರಳು. ಹಾಗಾದರೆ ಕೆಳಗೆ ಅಡುಗೆಮನೆಯ ಹಲಗೆಯ ಮೇಲೆ ದಿನಾ ಮಹೇಶ ಕೈಹಾಕುವ ಆ ಒಂದು ಟಿನ್ನಿನಲ್ಲಿ ಇರುವುದೇನು ಎಂದು ಅವನು ಕೇಳಿಕೊಳ್ಳುವ ಮೊದಲೇ ಮೂಲೆಯಲ್ಲಿ ಉತ್ತರ ಕಂಡಿತು. ಫ್ಯಾಕ್ಟರಿಯ ಖಾಲಿ ಪೊಟ್ಟಣಗಳು, ನೀಟಾಗಿ ಮಡಚಿ ಗೋಣಿಗೆ ತುಂಬಿದ್ದವು.

ಹತ್ತಿರದ ಟಿನ್ನಿನ ಬಟ್ಟೆ ಬಿಚ್ಚಿದ. ತುಂಬುವಾಗ ಗಾಢ ಕೆಂಪು ಅನಿಸಿದ್ದ ಪುಡಿ ಕಪ್ಪಗಿತ್ತು. ಹುರಿದದ್ದಲ್ಲ, ಸುಟ್ಟದ್ದು. ಮೇಲೆ ಜೇಡರಬಲೆಯಂಥ ನೂಲು ಹೆಣೆದುಕೊಂಡಿತ್ತು, ಬೆರಳಿಟ್ಟರೆ ಹೆಪ್ಪುಹೆಪ್ಪಾಗಿ ಎದ್ದುಬಂತು. ಒಳಗೆ ಬಿಳಿಯ ಸಣ್ಣ ಹುಳುಗಳು ಮಿಸುಕಿದವು. ಅವನು ಅದನ್ನು ಮೂಗಿಗೆ ಹಿಡಿದ. ಏನೂ ಇಲ್ಲ. ಇನ್ನೂ ಹತ್ತಿರ ಹಿಡಿದ, ಪುಡಿ ಮೂಗಿನ ತುದಿಗೆ ಅಂಟಿತು. ಸುಟ್ಟ ವಾಸನೆಯಿಲ್ಲ, ಮುಗ್ಗಲು ವಾಸನೆಯಿಲ್ಲ, ಮೆಣಸಿನ ಘಾಟಿಲ್ಲ. ವಿನಯ ಸೆಂಟು ಬಿಟ್ಟಿರಲಿಲ್ಲ. ಪಾಯಖಾನೆಯನ್ನೂ ಯಾರೂ ತೊಳೆದಿರಲಿಲ್ಲ. ದಿನವಿಡೀ ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂದು, ಹಳೇ ಗ್ರೈಂಡರಿನ ಪಕ್ಕದಲ್ಲಿ ವಾಂತಿ ಮಾಡಿಕೊಂಡ. ಬರೀ ನೀರು, ಅಂಟು, ಬೆಳಗಿನ ಸಾಂಬಾರು. ಅದರ ಮೇಲೆ ಎಣ್ಣೆ ತೇಲುತ್ತಿತ್ತು, ಅದನ್ನೇ ನೋಡುತ್ತ ಕೂತ.

‘ಹ್ವಾಯ್,’ ಎಂದಳು ರುಕ್ಮಿಣಿ. ಬಾಗಿಲಲ್ಲಿ ನಿಂತಿದ್ದಳು. ಬಿಚ್ಚಿದ ಟಿನ್ನನ್ನು ನೋಡಿದಳು, ವಾಂತಿಯನ್ನು ನೋಡಿದಳು, ಒಳಗೆ ಬಂದು ಗೋಣಿಯ ಮೇಲೆ ಕೂತಳು. ಅವಳು ಅಳಬಹುದು ಅಂದುಕೊಂಡಿದ್ದ, ಅಳಲಿಲ್ಲ.

‘ಯಾವಾಗಿಂದ?’

‘ದೀಪಾವಳಿ ಕಳ್ದ್ ಮೇಲಿಂದ. ಆಗ್ಳಿಕೇ ಜನ ಸಾಂಬಾರ್ ಬಟ್ಲಂಗೇ ಬಿಟ್ಟ್ ಹೋತಿದ್ರ್. ಸುಟ್ಟ್ ಕರ್ಕಟಿ ಅಂದ್ರೆ ಕರ್ಕಟಿ. ನೀವ್ ದಿನಾ ಅಂಗೈಯಂಗ್ ಹಾಕ್ಕಂಡ್ ಆಯ್ತ್ ಅಂತಿದ್ರಿ.’

‘ನಂಗೆ ಹೇಳೂಕಾತಿರ್ಲಿಲ್ಯಾ?’

‘ಹೇಳಿದ್ದೆ ಮಾರಾಯ್ರೆ. ಸ್ವಲ್ಪ ಕಹಿ ಆಯ್ತಾ ಕಾಣಿ ಅಂದದ್ದಕ್ಕೆ ಎರಡ್ ದಿನ ಊಟ ಬಿಟ್ರಿ.’ ಅವಳು ಸೆರಗಿನಿಂದ ಅವನ ಮೂಗಿನ ತುದಿಯ ಪುಡಿ ಒರೆಸಿದಳು. ಹುಳು ಇದ್ದಿರಬಹುದು, ಅವಳಿಗೆ ಅಸಹ್ಯವಾಗಲಿಲ್ಲ. ಅದು ಅವನಿಗೆ ಇನ್ನೂ ತಡೆಯಲಾರದ್ದಾಯಿತು. ‘ಬಾಣ್ಲೆ ತೆಗ್ದ್ರೆ ನೀವ್ ಸಾಯ್ತ್ರಿ ಅಂತ ಹೆದ್ರಿಕೆ. ಬಿಟ್ರೂ ಸಾಯ್ತ್ರಿ. ನಾ ಎಂತ ಮಾಡುದ್?’

ಹೊಗೆ ಕುಡಿದದ್ದು, ಎದೆ ಹಿಂಡಿದ್ದು, ಪಾಯಖಾನೆಯ ಗೋಡೆಗೆ ಹಣೆಯಿಟ್ಟದ್ದು, ಎಲ್ಲ ಈ ಹುಳುಗಳಿಗಾಗಿ. ಬೆಳಿಗ್ಗೆ ಬೆಳಿಗ್ಗೆ ಬರಿಬಾಯಲ್ಲಿ ಪೊಟ್ಟಣದ ಸಾಂಬಾರು ಹೀರಿ, ನಮ್ಮ ಮಸಾಲೆ ನಮ್ಮದೇ ಅಂತ ಹೇಳುತ್ತಿದ್ದಾಗ ಮಹೇಶ ಎಲ್ಲಿ ನೋಡುತ್ತಿದ್ದ? ವಿನಯ ಹೇಗೆ ನಗು ತಡೆದುಕೊಳ್ಳುತ್ತಿದ್ದ? ಅವರೆಲ್ಲ ಸೇರಿ ತನ್ನನ್ನು ಮುದುಕನನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದಾರೆ. ಬೈಯಬೇಕು ಅನಿಸಿತು. ಮೋಸ ಮಾಡಿದಿರಿ ಅನ್ನಬೇಕು ಎಂದು ಬಾಯಿ ತೆರೆದ.

‘ಮತ್ತೆ ಆ ಕಂದ್ ಪಂಪ್,’ ಎಂದಳು ರುಕ್ಮಿಣಿ, ನೆಲ ನೋಡುತ್ತ. ‘ಬಚ್ಲ್ ಬಾಗ್ಲ್ ಹೊರಗ್ ನಿತ್ಕಂಡ್ ಕೇಣ್ತೆ ನಾನ್, ದಿನಾ. ಬಿಟ್ಟ್ ಸದ್ದ್ ಕೇಣ್ತ್. ಎಳ್ಕಂಡ್ ಸದ್ದ್ ಕೇಣುದೇ ಇಲ್ಲೆ.’

ಪದ್ಮನಾಭ ಬಿಚ್ಚಿದ ಟಿನ್ನಿನ ಬಟ್ಟೆಯನ್ನು ಮತ್ತೆ ಕಟ್ಟತೊಡಗಿದ. ಕೆಳಗೆ ಯಾರೋ ಬಾಣಲೆ ಉಜ್ಜುವ ಸದ್ದು. ಗೊತ್ತಿದ್ದೂ ಅವಳು ಕೇಳಲಿಲ್ಲ, ಗೊತ್ತಾಗಬಹುದೆಂದು ಇವನು ಯೋಚಿಸಲಿಲ್ಲ. ಒಂದೇ ಮನೆಯಲ್ಲಿ ಅವನು ಗಾಳಿಗೆ ಔಷಧಿ ಬಿಡುತ್ತಿದ್ದ, ಅವಳು ಬಾಗಿಲ ಹೊರಗೆ ಕಿವಿಯಿಟ್ಟು ನಿಂತಿರುತ್ತಿದ್ದಳು. ರಾತ್ರಿ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಯಾವುದು ಹೆಚ್ಚು ಹೇಸಿಗೆಯದು ಎಂದು ಹೇಳುವುದು ಕಷ್ಟವಿತ್ತು. ರುಕ್ಮಿಣಿ ಹಳೇ ಬಟ್ಟೆ ತಂದು ವಾಂತಿ ಒರೆಸಿದಳು, ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಮೆಟ್ಟಿಲು ಇಳಿಯುವಾಗ ಬಾಣಲೆಯ ಮಾತು ಯಾರೂ ಎತ್ತಲಿಲ್ಲ.

ಸಂಜೆ ಶಟರು ಏರುವ ಮುಂಚೆ ಮಹೇಶ ಎಂದಿನಂತೆ ಸೌಟು ಹಿಡಿದು ಗಲ್ಲೆಯ ಹತ್ತಿರ ಬಂದ. ವಿನಯ ಶಟರಿನ ಹಿಡಿಗೆ ಕೈಯಿಟ್ಟು ನಿಂತಿದ್ದ. ಅಟ್ಟದ ಸುದ್ದಿ ಇಬ್ಬರಿಗೂ ಮುಟ್ಟಿದೆ ಎಂಬುದು ಅವರು ತನ್ನ ಮುಖವನ್ನು ನೋಡದೆ ಪಟವನ್ನು ನೋಡುತ್ತಿದ್ದುದರಿಂದಲೇ ತಿಳಿಯಿತು. ಬೇಡ ಅನ್ನಬಹುದಿತ್ತು. ಸೌಟನ್ನು ಕಿತ್ತು ಅವನ ಮುಖಕ್ಕೇ ಎರಚಬಹುದಿತ್ತು. ಪದ್ಮನಾಭ ಅಂಗೈ ಒಡ್ಡಿದ. ಬಿಸಿ ಸಾಂಬಾರು ಬಿತ್ತು. ಹೀರಿದ. ಹುಳಿ, ಉಪ್ಪು, ಬೆಲ್ಲ, ಹಿಂದಿನಿಂದ ಸಣ್ಣಗೆ ಖಾರ, ನಾಲಿಗೆಗೆ ಸಿಕ್ಕುವಷ್ಟು ಸಿಕ್ಕಿತು. ತೆಗಳುವುದಕ್ಕೆ ಒಂದೇ ಒಂದು ತಪ್ಪಿಗಾಗಿ ನಾಲಿಗೆಯನ್ನು ಅಂಗೈಯ ಗೆರೆಗಳಲ್ಲಿ ಆಡಿಸಿದ. ಸಾಂಬಾರು ಚೆನ್ನಾಗಿತ್ತು. ಪೊಟ್ಟಣದ್ದೆಂದು ಗೊತ್ತಿದ್ದೂ ಚೆನ್ನಾಗಿತ್ತು, ಇನ್ನೊಂದು ಸೌಟು ಬೇಕು ಅನಿಸುವಷ್ಟು. ಇಷ್ಟು ದಿನ ಕಾಪಾಡಿಕೊಂಡ ನಾಲಿಗೆ ಇದೇ ನೋಡು, ಎಂದು ತನಗೇ ಹೇಳಿಕೊಂಡ.

‘ಆಯ್ತ್,’ ಎಂದ.

ಶಟರು ಮೇಲೆ ಹೋಯಿತು. ಬೀದಿಯ ಧೂಳು, ಸ್ಕೂಟರುಗಳ ಸದ್ದು, ಜೊತೆಗೆ ಮೊದಲ ಗಿರಾಕಿಗಳು ಒಳಗೆ ಬಂದರು, ಕಿಟಕಿಯ ಪಕ್ಕದ ಮೇಜಿಗೆ ಒಂದು ಕುಟುಂಬ. ವಿನಯ ನೀರಿಟ್ಟ, ಇಡ್ಲಿಯೂ ಬೇಗ ಬಂತು. ಪದ್ಮನಾಭ ಗಲ್ಲೆಯ ಕೆಳಗಿನ ಡ್ರಾಯರಿನಿಂದ, ಸಂಜೆಗೆಂದು ಮನೆಯಿಂದ ತಂದಿಟ್ಟಿದ್ದ ಕಂದುಬಣ್ಣದ ಪಂಪು ತೆಗೆದ. ಅಲುಗಾಡಿಸಿದ. ಎಲ್ಲರ ಎದುರಿಗೆ, ಗುರುನರಸಿಂಹನ ಪಟದ ಕೆಳಗೆ, ಬಾಯಿಗಿಟ್ಟು ಒತ್ತಿ ಎಳೆದುಕೊಂಡ. ಸದ್ದಾಗುವ ಹಾಗೆ ಎಳೆದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ಬಳೆಯ ಸದ್ದಾಯಿತು, ಅವನು ಆ ಕಡೆ ತಿರುಗಲಿಲ್ಲ. ಉಸಿರು ಹಿಡಿದುಕೊಂಡೇ ಎದ್ದು ಬೇಸಿನ್ನಿಗೆ ನಡೆದ. ಬಾಯಿಗೆ ನೀರು ತುಂಬಿ, ಕತ್ತು ಹಿಂದಕ್ಕೆ ಎಸೆದು ಗುಳುಗುಳು ಮಾಡಿ ಉಗುಳಿದ. ಅದು ಸಾಲದೆನಿಸಿ, ಬೆಳಗಿನಿಂದ ಅಲ್ಲ, ಎಷ್ಟೋ ವರ್ಷದಿಂದ ನುಂಗಿದ್ದನ್ನೆಲ್ಲ ಗಂಟಲಾಳದಿಂದ ಎಳೆದು ಕ್ಯಾಕರಿಸಿದ. ಹೋಟೆಲೆಲ್ಲ ಕೇಳಿಸಿತು. ಬೋರ್ಡಿನ ಪಕ್ಕದ ಕನ್ನಡಿಯಲ್ಲಿ, ಕಿಟಕಿಯ ಮೇಜಿನ ಹೆಂಗಸು ಅವನ ಬೆನ್ನು ನೋಡಿ ಮುಖ ಸಿಂಡರಿಸಿ, ಸಾಂಬಾರಿನ ಬಟ್ಟಲನ್ನು ಬೆರಳ ತುದಿಯಿಂದ ದೂರ ಸರಿಸುವುದು ಕಂಡಿತು. ಆ ಸಿಂಡರಿಸಿದ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು, ಮಧ್ಯಾಹ್ನದವರೆಗೆ ಅದು ಅವನದೇ ಆಗಿತ್ತು.

ಪದ್ಮನಾಭ ನಲ್ಲಿ ತಿರುಗಿಸಿ ಇನ್ನೊಂದು ಬಾಯಿ ನೀರು ತುಂಬಿಕೊಂಡ.